ಎರಡು ಲಗ್ನಪತ್ರಿಕೆ

ನಮ್ಮ ಚರ್ಚಿನಲ್ಲಿ ಮದುವೆ ನಿಶ್ಚಯವಾದರೆ ಮೂರು ಭಾನುವಾರ ಅದರ ಪ್ರಕಟಣೆ ಓದುತ್ತಾರೆ. ಹುಡುಗ ಇಂಥವರ ಮಗ, ಹುಡುಗಿ ಇಂಥವರ ಮಗಳು, ಈ ಮದುವೆಗೆ ಯಾರದಾದರೂ ತಕರಾರಿದ್ದರೆ ಈಗಲೇ ಹೇಳಬೇಕು ಎಂದು ಪಾದ್ರಿ ಸಾಹೇಬರು ಓದಿ, ಕಾಗದ ಮಡಚಿ, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾರೆ. ಆ ಸ್ವಲ್ಪ ಹೊತ್ತಿನಲ್ಲಿ ಯಾರಾದರೂ ಕೆಮ್ಮುತ್ತಾರೆ. ಹಿಂದೆ ಚಾಪೆಯ ಮೇಲೆ ಕುಳಿತ ಹುಡುಗಿಯರು ಕಿಸಕ್ಕೆಂದು ನಗುತ್ತಾರೆ. ಒಮ್ಮೆ ಪಕ್ಕದ ಮನೆಯ ಮೇಕೆ ಬಾಗಿಲಿಗೆ ಬಂದು ಅರಚಿದಾಗ ಪಾದ್ರಿ ಸಾಹೇಬರೂ ನಕ್ಕಿದ್ದರು. ನಾನು ಹುಮನಾಬಾದಿಗೆ ಮದುವೆಯಾಗಿ ಬಂದು ಮೂವತ್ತು ವರ್ಷದ ಮೇಲಾಯಿತು. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಗೆ ಎದ್ದು ನಿಂತು ಉತ್ತರ ಕೊಟ್ಟವಳು ನಾನೊಬ್ಬಳೇ. ನಾನು ತಕರಾರು ತೆಗೆದದ್ದು ನನ್ನ ಸ್ವಂತ ತಂಗಿಯ ಮಗಳ ಮದುವೆಗೆ.

ಯಾಕೆ ಎದ್ದೆ ಎಂದು ಕೇಳಿದವರಿಗೆಲ್ಲ ಆಗ ನನ್ನ ಬಳಿ ಸಿದ್ಧ ಉತ್ತರವಿತ್ತು: ನಮ್ಮಪ್ಪ ಹಾಗೆ ಬೆಳೆಸಿದ್ದಾನೆ. ನಮ್ಮಪ್ಪ ಮುಡಬಿಯ ಕಡೆಯ ಹಳ್ಳಿಗಳಲ್ಲಿ ಸೈಕಲ್ ಮೇಲೆ ತಿರುಗಿ ಪ್ರಸಂಗ ಮಾಡುತ್ತಿದ್ದವನು. ಸಂಬಳದ ಪಾದ್ರಿಯಲ್ಲ; ವಾರದ ಆರು ದಿನ ಬೇರೆಯವರ ಹೊಲದಲ್ಲಿ ಕೂಲಿ, ಭಾನುವಾರ ತೊಳೆದ ಬಿಳಿ ಅಂಗಿ, ಕಂಕುಳಲ್ಲಿ ಬೈಬಲ್. ಮಾತು ಒಂದೇ ಇರಬೇಕು, ಚರ್ಚಿನಲ್ಲಿ ಒಂದು ಸಂತೆಯಲ್ಲಿ ಒಂದು ಆಗಬಾರದು ಎಂಬುದು ಅವನ ಹಟ. ನಮ್ಮನ್ನು ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ತರರು, ಒಳ್ಳೆಯ ಮನುಷ್ಯ, ಪೆನ್ನು ಹಿಡಿದುಕೊಂಡೇ ಅಪ್ಪನಿಗೆ ಬುದ್ಧಿ ಹೇಳಿದರು.

"ಹಿಂದೂ ಅಂತ ಬರೀತೀನಿ, ಹಳೀ ಜಾತಿ ಹಾಕ್ತೀನಿ. ನಾಳಿ ಹುಡ್ಗೇರಿಗಿ ಹಾಸ್ಟೆಲ್ ಸಿಗ್ತದ, ನೌಕರಿ ಸಿಗ್ತದ. ನೀ ಮನ್ಯಾಗ ಯಾರಿಗಿ ಬೇಕಾದ್ರೂ ಪ್ರಾರ್ಥನಿ ಮಾಡ್ಕೊ. ಯಾರು ಬಂದು ನೋಡ್ತಾರ?"

"ನೋಡಾಂವ ನೋಡ್ತಾನ್ರಿ ಸರ. ಕ್ರಿಸ್ತಾನ ಅಂತ ಬರೀರಿ," ಎಂದ ಅಪ್ಪ.

ಮಾಸ್ತರರು ಬರೆದರು. ನಾನು, ನನ್ನ ಬೆನ್ನಿಗೆ ಬಿದ್ದ ತಂಗಿ, ಇಬ್ಬರೂ ಆ ರಿಜಿಸ್ಟರಿನಲ್ಲಿ ಹಾಗೇ ಉಳಿದೆವು. ಆ ಒಂದು ಪದಕ್ಕೆ ಏನು ತೆರಬೇಕಾಗುತ್ತದೆ ಎಂದು ನನಗೆ ಗೊತ್ತಾದದ್ದು ಶಿಕ್ಷಕಿ ತರಬೇತಿಗೆ ಅರ್ಜಿ ಹಾಕಿದಾಗ. ನನಗಿಂತ ಕಡಿಮೆ ಅಂಕ ತೆಗೆದ ನನ್ನ ದೊಡ್ಡಪ್ಪನ ಮಗಳಿಗೆ ಸೀಟು ಸಿಕ್ಕಿತು. ಅವರ ಮನೆಯಲ್ಲಿ ಬುದ್ಧನ ಫೋಟೋ ಇದೆ. ಒಂದೇ ಕೇರಿ, ಒಂದೇ ರಕ್ತ. ಬುದ್ಧನ ಕಡೆ ಹೋದವರಿಗೆ ಎಸ್ಸಿ ಸರ್ಟಿಫಿಕೇಟ್ ಸಿಗುತ್ತದೆ, ಯೇಸುವಿನ ಕಡೆ ಬಂದವರಿಗೆ ಸಿಗುವುದಿಲ್ಲ. ಕೇರಿಯ ಹೊರಗಿನವರು ಮಾತ್ರ ನಮ್ಮಿಬ್ಬರಿಗೂ ಚಹಾ ಕೊಡುತ್ತಿದ್ದದ್ದು ಒಂದೇ ಕಪ್ಪಿನಲ್ಲಿ, ಬೇರೆ ಇಟ್ಟ ಕಪ್ಪಿನಲ್ಲಿ. ನಾನು ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರಿದೆ. ಇವತ್ತಿಗೂ ಅಲ್ಲೇ ಇದ್ದೇನೆ, ಮಕ್ಕಳ ಮೂಗು ಒರೆಸಿಕೊಂಡು. ಅಪ್ಪನ ಮುಂದೆ ನಾನು ಅದಕ್ಕಾಗಿ ಒಮ್ಮೆಯೂ ಅಳಲಿಲ್ಲ. ಯೇಸುವಿಗಾಗಿ ಕಳೆದುಕೊಂಡವಳು ಎಂಬ ಹೆಮ್ಮೆಯನ್ನು ಹೊದ್ದುಕೊಂಡು ಓಡಾಡಿದೆ. ಹೆಮ್ಮೆಯ ಕೆಳಗೆ ಏನು ಕೊಳೆಯುತ್ತಿತ್ತೆಂದು ನೋಡುವ ಗೋಜಿಗೆ ಹೋಗಲಿಲ್ಲ.

ತಂಗಿಯನ್ನು ಬಸವಕಲ್ಯಾಣಕ್ಕೆ ಕೊಟ್ಟೆವು. ಗಂಡ ಆಟೋ ಓಡಿಸುತ್ತಾನೆ. ಅವರೂ ಅಜ್ಜನ ಕಾಲದಿಂದ ಚರ್ಚಿನವರೇ, ಆದರೆ ಅವರ ಮನೆಯಲ್ಲಿ ಯಾರೂ ಕಾಗದಪತ್ರ ಮುಟ್ಟಲು ಹೋಗಿರಲಿಲ್ಲ. ಕಾಗದದಲ್ಲಿ ಇನ್ನೂ ಹಿಂದೂ, ಹಳೆಯ ಜಾತಿ. ಹುಟ್ಟಿದ ಮಗಳು ತಂದೆಯ ಕಾಗದದ ಮೇಲೆ ಬೆಳೆದಳು. ನನಗೆ ಮಕ್ಕಳಾಗಲಿಲ್ಲವಾದ್ದರಿಂದ ಹೈಸ್ಕೂಲಿನ ಮೂರು ವರ್ಷ ಅವಳನ್ನು ನಾನೇ ಹುಮನಾಬಾದಿನಲ್ಲಿ ಇಟ್ಟುಕೊಂಡೆ. ಬೆಳಿಗ್ಗೆ ಜಡೆ ಹಾಕುತ್ತ ಅವಳಿಗೆ ಬೈಬಲ್ ವಚನ ಬಾಯಿಪಾಠ ಮಾಡಿಸುತ್ತಿದ್ದೆ. ಸಂಡೇ ಸ್ಕೂಲಿನ ಸ್ಪರ್ಧೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಗೆದ್ದ ಸ್ಟೀಲ್ ಡಬ್ಬಿಗಳನ್ನೆಲ್ಲ ತಂದು ನನ್ನ ಅಡುಗೆಮನೆಯಲ್ಲೇ ಇಟ್ಟಳು. ಆಮೇಲೆ ನರ್ಸಿಂಗ್ ಸೀಟು ಸಿಕ್ಕಿತು, ಬಸವಕಲ್ಯಾಣದ ಸರ್ಕಾರಿ ಆಸ್ಪತ್ರೆಯಲ್ಲಿ ನೌಕರಿಯೂ ಸಿಕ್ಕಿತು. ಎರಡೂ ಯಾವ ಸರ್ಟಿಫಿಕೇಟಿನ ಮೇಲೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಪೇಢೆ ತಿಂದೆ. ಬಿಳಿ ಕೋಟು ಹಾಕಿಕೊಂಡು ಬಂದು ಅವಳು ನನ್ನ ಕಾಲು ಮುಟ್ಟಿದಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು.

ಹುಮನಾಬಾದಿನ ನಮ್ಮ ಚರ್ಚಿನ ಹುಡುಗನೊಂದಿಗೇ ಮದುವೆ ನಿಶ್ಚಯವಾಯಿತು. ಮೊದಲ ಪ್ರಕಟಣೆ ಓದಿಯಾಗಿತ್ತು. ಆ ವಾರದಲ್ಲಿ ಒಂದು ದಿನ ಮಧ್ಯಾಹ್ನ ಅವಳು ಲಗ್ನಪತ್ರಿಕೆಯ ಚೀಲ ಹೊತ್ತು ಬಸ್ಸಿಳಿದು ಮನೆಗೆ ಬಂದಳು. ಇಲ್ಲಿ ಹಂಚುವ ಕೆಲಸ ನನ್ನದು. ಅವಳು ಕೈಕಾಲು ತೊಳೆಯಲು ಹೋದಾಗ ನಾನು ಚೀಲ ಬಿಚ್ಚಿದೆ. ಮೇಲಿನ ಕಟ್ಟಿನಲ್ಲಿ ಶಿಲುಬೆ, ಪಾರಿವಾಳ, ಕೆಳಗೆ ಒಂದು ವಚನ, ನಮ್ಮ ಚರ್ಚಿನ ವಿಳಾಸ. ಅದರ ಕೆಳಗೆ ಇನ್ನೊಂದು ಕಟ್ಟು. ಅದರ ಮೇಲೆ ಗಣಪತಿ. ಅದೇ ಹುಡುಗ, ಅದೇ ಹುಡುಗಿ, ಅದೇ ದಿನ. ಚರ್ಚಿನ ಹೆಸರಿರಲಿಲ್ಲ, ಊಟದ ಮಂಟಪದ ವಿಳಾಸವಷ್ಟೇ ಇತ್ತು.

ಅವಳು ಸೆರಗಿನಿಂದ ಮುಖ ಒರೆಸುತ್ತ ಬಂದಳು. ನನ್ನ ಕೈಯಲ್ಲಿದ್ದುದನ್ನು ನೋಡಿ ನಿಂತಳು.

"ಅದು ಇಲ್ಲಿಗಲ್ಲ ದೊಡ್ಡವ್ವಾ. ದವಾಖಾನಿ ಸ್ಟಾಫಿಗಿ. ಅಲ್ಲಿಗಿ ಶಿಲುಬಿ ಹಾಕಿದ್ದು ಕೊಟ್ರ ಯಾರರ ನನ್ನ ಮ್ಯಾಲ ಅರ್ಜಿ ಹಾಕ್ತಾರ. ನೌಕರಿಗೇ ಬರ್ತದ."

"ಅದಕ್ಕ ಗಣಪತಿನ್ನ ತಂದು ಕುಂದ್ರಿಸಿದೇನು?"

"ಪ್ರಿಂಟಿಂಗ್ ಪ್ರೆಸ್ಸಿನಾಂವ ಎಲ್ಲಾರಿಗೂ ಹಾಕೋದು ಅದೇ. ನಾ ಏನು ಪೂಜಾ ಮಾಡಾಕತ್ತೀನೇನು?" ಅವಳ ದನಿ ಸಣ್ಣದಾಯಿತು. "ನಾ ಯಾರಂತ ದೇವರಿಗಿ ಗೊತ್ತದಲ್ಲ ದೊಡ್ಡವ್ವಾ. ದವಾಖಾನಿಯವ್ರಿಗಿ ಯಾಕ ಗೊತ್ತಾಗಬೇಕು?"

ಉತ್ತರವಿಲ್ಲದಿದ್ದರೆ ನನಗೆ ಸಿಟ್ಟು ಹೆಚ್ಚು, ಅದು ನನ್ನ ಹುಟ್ಟುಗುಣ. ಬಾಯಿ ಮುಚ್ಚಿಕೊಂಡು ರೊಟ್ಟಿ ಬಡಿದೆ, ಪುಂಡಿಪಲ್ಯ ಬಡಿಸಿದೆ. ಅವಳು ಎಲ್ಲ ಸರಿಹೋಯಿತೆಂದು ತಿಳಿದು ಎರಡು ರೊಟ್ಟಿ ಹೆಚ್ಚೇ ತಿಂದು, ಸಂಜೆಯ ಬಸ್ಸಿಗೆ ಹೋದಳು. ಗಣಪತಿಯ ಕಟ್ಟಿನಿಂದ ಒಂದು ಪತ್ರಿಕೆಯನ್ನು ನಾನು ತೆಗೆದಿಟ್ಟುಕೊಂಡದ್ದು ಅವಳಿಗೆ ಗೊತ್ತಾಗಲಿಲ್ಲ.

ಉಳಿದ ದಿನಗಳಲ್ಲಿ ನಾನು ಪ್ರಾರ್ಥನೆ ಮಾಡಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಜಗಳಕ್ಕೆ ತಯಾರಿ ಮಾಡಿದೆ. ಗಂಡನ ಮುಂದೆ ಹೇಳಿದೆ. ಅವರು ಹಳ್ಳಿಖೇಡದ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆದು ದಣಿದು ಬಂದಿದ್ದರು. "ಖಾಲಿಪೀಲಿ ಉಸಾಬರಿ ಮಾಡ್ಬ್ಯಾಡ," ಎಂದು ಮಗ್ಗುಲು ಬದಲಿಸಿದರು. ಸತ್ಯಕ್ಕೆ ಸಾಕ್ಷಿ ಹೇಳುವುದು ಇವರಿಗೆ ಉಸಾಬರಿ ಎಂದು ಅವರ ಮೇಲೂ ಸಿಟ್ಟಾಯಿತು.

ಎರಡನೆಯ ಭಾನುವಾರ ತಂಗಿ ಬಸವಕಲ್ಯಾಣದಿಂದ ಬಂದಿದ್ದಳು. ಮಗಳ ಹೆಸರು ಓದುವುದನ್ನು ಕೇಳುವ ಆಸೆ. ಹೊಸ ಇಳಕಲ್ ಸೀರೆ ಉಟ್ಟು, ಹೆಂಗಸರ ಸಾಲಿನಲ್ಲಿ ನನ್ನ ಪಕ್ಕದಲ್ಲೇ ಕುಳಿತಳು. ಪಾದ್ರಿ ಸಾಹೇಬರು ಪ್ರಕಟಣೆ ಓದಿದರು, ಕಾಗದ ಮಡಚಿದರು, ಸುಮ್ಮನೆ ನಿಂತರು. ನಾನು ಎದ್ದೆ.

ತಂಗಿ ಮೊದಲು ನಕ್ಕಳು. ಚಪ್ಪಲಿ ಹುಡುಕಲು ಎದ್ದೆನೇನೋ ಎಂದುಕೊಂಡಿರಬೇಕು. ನಾನು ಬೈಬಲ್ಲಿನೊಳಗಿಂದ ಪತ್ರಿಕೆ ತೆಗೆದು ಮೇಲಕ್ಕೆ ಹಿಡಿದೆ.

"ತಕರಾರು ಅದರಿ ಸಾಹೇಬ್ರ. ಈ ಹುಡುಗಿ ಎರಡು ಪತ್ರಿಕಿ ಮಾಡಿಸ್ಯಾಳ. ಒಂದ್ರಾಗ ಶಿಲುಬಿ, ಒಂದ್ರಾಗ ಗಣಪತಿ. ನೌಕರಿ ಹಿಡದದ್ದೂ ಹಿಂದೂ ಸರ್ಟಿಫಿಕೇಟ್ ಮ್ಯಾಲ. ಆಕಿ ಕ್ರಿಸ್ತಾನಕಿ ಹೌದೋ ಅಲ್ಲೋ ಮೊದಲ ಕೇಳ್ರಿ, ಆಮ್ಯಾಲ ಮದುವಿ ಮಾಡ್ರಿ."

ತಂಗಿ ನನ್ನ ಸೆರಗು ಹಿಡಿದು ಜಗ್ಗಿದಳು. "ಕುಂದ್ರು ಅಕ್ಕಾ, ನಿನ್ನ ಕಾಲ್ ಬೀಳ್ತೀನಿ, ಕುಂದ್ರು." ನಾನು ಸೆರಗು ಕಿತ್ತುಕೊಂಡೆ.

ಸಭೆಯೆಲ್ಲ ನನ್ನ ಕಡೆ ತಿರುಗುತ್ತದೆ, ಕೆಲವರಾದರೂ ಹೌದು ಹೌದು ಎನ್ನುತ್ತಾರೆ ಎಂದುಕೊಂಡಿದ್ದೆ. ಒಬ್ಬರೂ ತಿರುಗಲಿಲ್ಲ. ಎಲ್ಲರೂ ತಲೆ ತಗ್ಗಿಸಿದರು. ಮುಂದಿನ ಸಾಲಿನ ಹಿರಿಯರು, ಹಾರ್ಮೋನಿಯಂ ನುಡಿಸುವವರು, ಕಾಣಿಕೆಯ ತಟ್ಟೆ ಹಿಡಿಯುವವರು, ಎಲ್ಲರೂ. ಆ ಬಗ್ಗಿದ ತಲೆಗಳನ್ನು ನೋಡುತ್ತ ನಿಂತಾಗ ನನಗೆ ಹೊಳೆಯಿತು. ಇವರಲ್ಲಿ ಅರ್ಧಕ್ಕರ್ಧ ಮಂದಿಯ ಮನೆಯ ಟ್ರಂಕಿನಲ್ಲಿ ಅದೇ ಸರ್ಟಿಫಿಕೇಟ್ ಇದೆ. ಒಬ್ಬರ ಮಗ ಪೊಲೀಸ್, ಒಬ್ಬರ ಸೊಸೆ ಟೀಚರ್, ಒಬ್ಬರ ಮೊಮ್ಮಗಳು ಸರ್ಕಾರಿ ಹಾಸ್ಟೆಲಿನಲ್ಲಿ. ಎಲ್ಲರಿಗೂ ಗೊತ್ತಿದ್ದು, ಯಾರೂ ಬಾಯಿ ಬಿಡದೆ, ಒಬ್ಬರನ್ನೊಬ್ಬರು ಕಾಯ್ದುಕೊಂಡು ಬಂದದ್ದನ್ನು ನಾನು ಕಿಟಕಿ ತೆರೆದ ಚರ್ಚಿನಲ್ಲಿ ಗಟ್ಟಿಯಾಗಿ ಕೂಗಿ ಹೇಳಿದ್ದೆ.

"ಕುಂದರ್ರಿ ಅವ್ವಾರ," ಎಂದರು ಪಾದ್ರಿ ಸಾಹೇಬರು, ಬಹಳ ಮೆಲ್ಲಗೆ. ನಾನು ಕುಳಿತೆ. ಹಾಡು ಹೇಳಿದರು. ಪಕ್ಕದ ಜಾಗ ಅಷ್ಟರಲ್ಲಿ ಖಾಲಿಯಾಗಿತ್ತು.

ತಂಗಿ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದಳು. ಅಳುತ್ತಿರಲಿಲ್ಲ. "ಅಕ್ಕಾ, ನೀ ಯೇಸುಗಾಗಿ ನಿಂತಿಲ್ಲ," ಎಂದಳು. "ನಿನಗ ಸಿಗಲಾರದ್ದು ನನ್ನ ಮಗಳಿಗಿ ಸಿಕ್ತಲ್ಲ, ಅದಕ್ಕ ನಿಂತಿದಿ. ಆಕಿ ನೌಕರಿ ಹಿಡದ ದಿನದಿಂದ ನಿನ್ನ ಮಾರಿ ನಾ ನೋಡಾಕತ್ತೀನಿ." ಇಷ್ಟು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ನಾನು ಆಗ ಕೂಗಿ ಏನೋ ಅಂದೆ, ಏನೆಂದು ನೆನಪಿಲ್ಲ. ಅವಳು ಹೇಳಿದ್ದು ಖರೆ ಎಂದು ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು. ಅದು ಹೊಟ್ಟೆಕಿಚ್ಚೇ. ಅಪ್ಪನ ಬೈಬಲ್ಲನ್ನು ನಾನು ಅದಕ್ಕೆ ಮುಸುಕು ಮಾಡಿಕೊಂಡಿದ್ದೆ.

ಮರುದಿನ ಹುಡುಗನ ತಂದೆ ನಮ್ಮ ಮನೆಗೆ ಬಂದರು. ಬೈಯಲು ಬಂದರೆಂದು ಎದೆ ಗಟ್ಟಿ ಮಾಡಿಕೊಂಡೆ. ಅವರು ಕೈ ಮುಗಿದರು.

"ಛಲೋ ಆಯ್ತ್ರಿ ಬಾಯಾರ, ಹೇಳಿ ಉಪಕಾರ ಮಾಡಿದ್ರಿ. ಮಾತು ಹೊರಗ ಬಿತ್ತು, ಇನ್ನ ನಾಳಿ ಯಾರರ ಅರ್ಜಿ ಹಾಕಿ ಆಕಿ ನೌಕರಿ ಹೋದ್ರ ನಮ್ಮ ಹುಡುಗನ ಗತಿ ಏನು? ಲಗ್ನ ಬ್ಯಾಡಂತ ಹೇಳಿ ಕಳಿಸೀವಿ."

ಹುಡುಗಿ ದೇವರನ್ನು ಬಿಟ್ಟಳೋ ಹಿಡಿದಳೋ ಎಂಬ ಮಾತೇ ಅವರ ಬಾಯಲ್ಲಿ ಬರಲಿಲ್ಲ. ನಾನು ಕೊಟ್ಟ ಚಹಾ ಕುಡಿದು, ಸಕ್ಕರೆ ಬರೋಬರಿ ಆಗಿದೆ ಎಂದು ಹೇಳಿ ಹೋದರು. ಅವರು ಹೋದಮೇಲೆ ಕಪ್ಪು ತೊಳೆಯಲಾರದೆ ಹೊಸ್ತಿಲಲ್ಲೇ ಕುಳಿತುಬಿಟ್ಟೆ. ಮೂರನೆಯ ಭಾನುವಾರ ಪ್ರಕಟಣೆ ಓದಲಿಲ್ಲ.

ಅರ್ಜಿ ಹೋಯಿತು. ಯಾರು ಹಾಕಿದರೆಂದು ಇವತ್ತಿಗೂ ಗೊತ್ತಿಲ್ಲ. ಸಹಿ ಇಲ್ಲದ ಅರ್ಜಿಯಂತೆ. ನಾನೇ ಹಾಕಿದೆನೆಂದು ಬಸವಕಲ್ಯಾಣದಲ್ಲೂ ಹುಮನಾಬಾದಿನಲ್ಲೂ ಎಲ್ಲರೂ ತಿಳಿದರು. ಹಾಗೆ ತಿಳಿದರೆ ತಪ್ಪು ಅವರದಲ್ಲ. ಕೆಲವು ತಿಂಗಳ ಮೇಲೆ, ಮಕ್ಕಳಿಗೆ ಕಿಚಡಿ ಬಡಿಸುತ್ತಿದ್ದಾಗ, ವಿಚಾರಣೆಗೆಂದು ಒಬ್ಬ ಸರ್ಕಾರಿ ಮನುಷ್ಯ ಅಂಗನವಾಡಿಗೇ ಬಂದ. ವಯಸ್ಸಾದವನು, ಬಿಸಿಲಲ್ಲಿ ಬಂದು ಬೆವತಿದ್ದ. ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕುಳಿತು ಫೈಲು ತೆರೆದ.

"ಆಕಿ ನಿಮ್ಮ ತಂಗಿ ಮಗಳು ಹೌದಲ್ರಿ? ಚರ್ಚಿಗಿ ಬರ್ತಾಳೇನು? ದೀಕ್ಷಾಸ್ನಾನ ಆಗ್ಯದೇನು? ನೀವು ಕಣ್ಣಿಲೇ ನೋಡಿದ್ದಿದ್ರ ಹೇಳ್ರಿ. ನಿಮ್ಮ ಮಾತಿಗಿ ಇಲ್ಲಿ ಕಿಮ್ಮತ್ತದ."

ನೋಡಿದ್ದೆ. ಹನ್ನೆರಡು ವರ್ಷದ ಹುಡುಗಿ, ಬಿಳಿ ಫ್ರಾಕು, ನೆನೆದ ಕೂದಲು. ತಲೆ ಒರೆಸಲು ಟವೆಲ್ ಹಿಡಿದು ನಿಂತವಳೇ ನಾನು. ಅದನ್ನು ಹೇಳಿದರೆ ಅವಳ ನೌಕರಿ ಆ ಹೊತ್ತಿಗೇ ಮುಗಿಯುತ್ತಿತ್ತು. ಗೊತ್ತಿದ್ದ ಸತ್ಯವನ್ನು ಕೇಳದಿದ್ದಾಗ ಎದ್ದು ನಿಂತು ಕೂಗಿದವಳು, ಕೇಳಲು ಬಂದವನ ಮುಂದೆ ಸೌಟು ಹಿಡಿದು ನಿಂತಿದ್ದೆ.

"ಇಲ್ರಿ," ಎಂದೆ. "ನಮ್ಮ ಚರ್ಚಿನ್ಯಾಗ ಆಕಿನ್ನ ನಾ ನೋಡಿಲ್ಲ."

"ಮತ್ತ ಹೈಸ್ಕೂಲ್ ಓದುವಾಗ ನಿಮ್ಮನ್ಯಾಗೇ ಇದ್ಲಂತಲ್ಲ?"

"ಸಾಲಿ ಹತ್ರ ಅಂತ ಇದ್ಲು. ಆಕಿ ದೇವರು ಆಕಿಗಿ, ನಮ್ಮ ದೇವರು ನಮಗ. ಈಗ ಆ ಮನಿಯವ್ರಿಗೂ ನಮಗೂ ಹೋಗೋದು ಬರೋದು ಇಲ್ರಿ."

ಅವನು ಅದನ್ನೇ ಬರೆದುಕೊಡಿ ಎಂದ. ಬರೆದೆ. ನನ್ನ ಅಕ್ಷರ ದುಂಡಗಿವೆ, ಶಿಕ್ಷಕಿಯಾಗಬೇಕಿದ್ದ ಅಕ್ಷರ. ನಾನು ಕ್ರೈಸ್ತಳು, ಆಕೆ ಅಲ್ಲ, ಆ ಕುಟುಂಬಕ್ಕೂ ನಮಗೂ ಸಂಬಂಧ ಉಳಿದಿಲ್ಲ ಎಂದು ಬರೆದು ಸಹಿ ಮಾಡಿದೆ. ಅವನು ಓದಿ, ನನ್ನ ಮುಖ ನೋಡಿ, ಫೈಲಿನಲ್ಲಿಟ್ಟುಕೊಂಡ. ನಂಬಿದನೆಂದು ನನಗನ್ನಿಸಲಿಲ್ಲ. ಗೊತ್ತಿದ್ದೂ ಹೋಗಲಿ ಎಂದು ಬಿಟ್ಟನೆಂದು ಅನ್ನಿಸಿತು.

ಅವಳೂ ಬರೆದುಕೊಡಬೇಕಾಯಿತು. ಅದನ್ನು ನನಗೆ ಹೇಳಿದವರು ಪಾದ್ರಿ ಸಾಹೇಬರು. ತಾನು ಎಂದೂ ಕ್ರೈಸ್ತಳಾಗಿರಲಿಲ್ಲ, ಯಾವ ಚರ್ಚಿಗೂ ಸೇರಿದವಳಲ್ಲ ಎಂದು ಕಾಗದದ ಮೇಲೆ ಬರೆಯುವ ಮೊದಲು ಅವರ ಮನೆಗೆ ಹೋಗಿ, ಹೀಗೆ ಬರೆದರೆ ಯೇಸು ನನ್ನನ್ನು ಬಿಡುತ್ತಾನೇನ್ರಿ ಎಂದು ಕೇಳಿ ಅತ್ತಳಂತೆ. ಅವರು ಬಿಡುವುದಿಲ್ಲ ಎಂದು ಹೇಳಿ ಪ್ರಾರ್ಥಿಸಿ ಕಳಿಸಿದರಂತೆ. ನೌಕರಿ ಉಳಿಯಿತು. ಯಾರ ಕಣ್ಣಿಗಾದರೂ ಬಿದ್ದರೆ ಎಂಬ ಭಯಕ್ಕೆ ಅವಳು ಅಂದಿನಿಂದ ಯಾವ ಚರ್ಚಿನ ಬಾಗಿಲನ್ನೂ ತುಳಿದಿಲ್ಲ. ಎರಡು ಪತ್ರಿಕೆ ಮಾಡಿಸಿದಾಗಲೂ ಯೇಸುವನ್ನು ಬಿಡದವಳ ಕೈಯಿಂದ ಶಾಯಿಯಲ್ಲಿ ಬಿಟ್ಟೆನೆಂದು ಬರೆಸಿದವಳು ನಾನು.

ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಕರ್ತನ ಭೋಜನ. ಯಾರೊಡನಾದರೂ ಮನಸ್ತಾಪವಿದ್ದರೆ ಮೊದಲು ಹೋಗಿ ರಾಜಿಯಾಗಬೇಕು, ಆಮೇಲೆ ರೊಟ್ಟಿಗೆ ಕೈ ಚಾಚಬೇಕು ಎಂದು ಅಪ್ಪ ಕಲಿಸಿದ್ದ. ಆದ್ದರಿಂದ ಎಲ್ಲರೂ ಮುಂದೆ ಹೋಗುವಾಗ ನಾನು ಕುಳಿತೇ ಇರುತ್ತೇನೆ. ಯಾರೂ ಯಾಕೆಂದು ಕೇಳುವುದಿಲ್ಲ; ನನ್ನ ಪಕ್ಕ ಕೂರುವವರೂ ಈಗ ಕಡಿಮೆ. ಪಾದ್ರಿ ಸಾಹೇಬರು ಮಾತ್ರ, "ತಂಗಿ ಮನಿಗಿ ಹೋಗಿ ಬರ್ರಿ ಅವ್ವಾರ, ಎಷ್ಟ್ ದಿನ ಹಿಂಗ," ಎಂದರು. ಫೋನ್ ಮಾಡಿದೆ. ಮೂರು ಸಲ ಕತ್ತರಿಸಿದಳು, ನಾಲ್ಕನೆಯ ಸಲ ಎತ್ತಿದಳು.

"ಬರಬ್ಯಾಡ ಅಕ್ಕಾ," ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ, ದಣಿವಿತ್ತು. "ಮತ್ತ ಯಾರರ ಅರ್ಜಿ ಹಾಕ್ತಾರ. ನೀ ಬೈಬಲ್ ಹಿಡಕೊಂಡು ತಿರುಗಾಕಿ ಅಂತ ಇಲ್ಲಿ ಎಲ್ಲಾರಿಗೂ ಗೊತ್ತದ. ನಮ್ಮ ಬಾಗಿಲಿಗಿ ನೀ ಬಂದ್ರ ಅದೇ ಸಾಕ್ಷಿ ಆಗ್ತದ. ಹೋಗೋದು ಬರೋದು ಇಲ್ಲಂತ ಬರದು ಕೊಟ್ಟೀದಿ. ಹಂಗೇ ಇರು."

ಆದರೂ ಹೋದೆ. ಮನೆಗಲ್ಲ, ಆಸ್ಪತ್ರೆಗೆ. ಬಿಪಿ ಇರುವುದು ಖರೆ, ತೋರಿಸಲು ಹುಮನಾಬಾದಿನಲ್ಲೇ ದವಾಖಾನೆ ಇರುವುದೂ ಖರೆ. ಬಸವಕಲ್ಯಾಣದ ಬಸ್ಸು ಹತ್ತಿ, ಚೀಟಿ ಮಾಡಿಸಿ, ಹೆಂಗಸರ ಸಾಲಿನಲ್ಲಿ ನಿಂತೆ. ಮೇಜಿನ ಹಿಂದೆ ತಂಗಿಯ ಮಗಳೇ ಇದ್ದಳು. ಸೊರಗಿದ್ದಳು. ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬ ನರ್ಸ್ ಚೀಟಿ ನೋಡಿ ಬರೆದುಕೊಳ್ಳುತ್ತಿದ್ದಳು. ನನ್ನ ಸರದಿ ಬಂತು. ಅವಳು ತಲೆ ಎತ್ತಿದಳು, ಕಣ್ಣು ಒಂದು ಗಳಿಗೆ ನನ್ನ ಮೇಲೆ ನಿಂತವು.

"ಕೈ ಕೊಡ್ರಿ," ಎಂದಳು.

ಕೊಟ್ಟೆ. ಪಟ್ಟಿ ಸುತ್ತಿದಳು. ಅವಳ ಬೆರಳು ತಣ್ಣಗಿದ್ದವು. ಹೇಗಿದ್ದೀಯೆಂದು ಕೇಳಬೇಕು, ತಪ್ಪಾಯಿತು ಮಗಳೇ ಎನ್ನಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಹಿಂದೆ ಸಾಲಿನಲ್ಲಿ ಹತ್ತು ಹೆಂಗಸರು.

"ಭಾಳ ಜಾಸ್ತಿ ಅದ. ಗುಳಿಗಿ ತಪ್ಪಿಸಬ್ಯಾಡ್ರಿ," ಎಂದಳು. ಪಟ್ಟಿ ಬಿಚ್ಚಿದ ಮೇಲೂ ನನ್ನ ಮುಂಗೈ ಅವಳ ಕೈಯಲ್ಲೇ ಇತ್ತು. ಅವಳ ಕಣ್ಣು ತುಂಬಿ ಬಂದಿದ್ದವು.

ಪಕ್ಕದ ನರ್ಸ್ ಅದನ್ನು ಕಂಡಳು. ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಬರೆಯುವುದನ್ನು ನಿಲ್ಲಿಸಿ ಕೇಳಿದಳು: "ಯಾರ್ರಿ ಸಿಸ್ಟರ್, ನಿಮ್ಮವ್ರೇನು?"

ನನ್ನ ಹುಡುಗಿ ಇಲ್ಲ ಎನ್ನಲಾರಳು, ಹೌದು ಎನ್ನುವಂತಿಲ್ಲ ಎಂದು ನನಗೆ ಗೊತ್ತಾಯಿತು. ನಾನು ಕೈ ಬಿಡಿಸಿಕೊಂಡೆ.

"ಇಲ್ರಿ ಬಾಯಿ," ಎಂದೆ. "ಈ ಹುಡುಗಿನ್ನ ನಾ ಇವತ್ತೇ ನೋಡಾಕತ್ತೀನಿ."